32 ಕೌಂಟಿಗಳ ಐರ್ಲೆಂಡ್: ಊಟ, ನೆಲ, ಊರಿನ ಹೆಮ್ಮೆ

ಐರ್ಲೆಂಡಿನಲ್ಲಿ ಇಬ್ಬರು ಅಪರಿಚಿತರು ಪರಸ್ಪರ ಮಾತಿಗಿಳಿದರೆ ಹೆಸರು ಕೇಳಿದ ಬೆನ್ನಲ್ಲೇ ಸಾಮಾನ್ಯವಾಗಿ ಬರುವ ಪ್ರಶ್ನೆ ‘ನಿಮ್ಮದು ಯಾವ ಕೌಂಟಿ?’ ಎಂಬುದು. ಉತ್ತರ ದೊರೆತೊಡನೆ ಆ ಕೌಂಟಿಯ ತಂಡ, ತಿನಿಸು, ಬೆಟ್ಟ, ಕವಿ, ಹಾಡುಗಾರರ ಹೆಸರುಗಳು ಒಂದೊಂದಾಗಿ ಮಾತಿಗೆ ಬರುತ್ತವೆ. ಅದರೊಂದಿಗೆ ಒಂದಿಷ್ಟು ಛೇಡಿಕೆಯೂ ಇರುತ್ತದೆ. ಕರ್ನಾಟಕದ ಅರ್ಧಕ್ಕಿಂತ ಕಡಿಮೆ ವಿಸ್ತೀರ್ಣದ, ಸುಮಾರು 70 ಲಕ್ಷ ಜನಸಂಖ್ಯೆಯ ಈ ದ್ವೀಪದಲ್ಲಿ 32 ಕೌಂಟಿಗಳಿವೆ. ಅವುಗಳಲ್ಲಿ 26 ಸ್ವತಂತ್ರ ಐರ್ಲೆಂಡ್ ಗಣರಾಜ್ಯಕ್ಕೂ, 6 ಬ್ರಿಟನ್ನಿನ ಆಡಳಿತಕ್ಕೊಳಪಟ್ಟ ಉತ್ತರ ಐರ್ಲೆಂಡಿಗೂ ಸೇರಿವೆ. ಅಲ್ಸ್ಟರ್, ಮನ್‌ಸ್ಟರ್, ಲೆನ್‌ಸ್ಟರ್, ಕಾನಾಕ್ಟ್ ಎಂಬ ನಾಲ್ಕು ಪ್ರಾಚೀನ ಪ್ರಾಂತಗಳ ಹೆಸರು ಇಂದಿಗೂ ಬಳಕೆಯಲ್ಲಿದ್ದರೂ ಐರಿಷ್ ಮನುಷ್ಯನ ನಿಷ್ಠೆ ಮೊದಲು ಸಲ್ಲುವುದು ತನ್ನ ಕೌಂಟಿಗೆ.

ಗೆರೆ ಎಳೆದವರು ಹೊರಗಿನವರು

ಇಷ್ಟೊಂದು ಅಭಿಮಾನಕ್ಕೆ ಪಾತ್ರವಾದ ಈ ಗಡಿಗಳನ್ನು ಎಳೆದವರು ಐರಿಷರಲ್ಲ ಎಂಬುದು ಗಮನಾರ್ಹ ಸಂಗತಿ. 12ನೇ ಶತಮಾನದಲ್ಲಿ ನಾರ್ಮನ್ನರು ದ್ವೀಪಕ್ಕೆ ಕಾಲಿಟ್ಟ ಮೇಲೆ ತೆರಿಗೆ ವಸೂಲಿ ಹಾಗೂ ನ್ಯಾಯವಿಚಾರಣೆಯ ಅನುಕೂಲಕ್ಕಾಗಿ ಇಂಗ್ಲಿಷ್ ಅರಸರು ನೆಲವನ್ನು ಕೌಂಟಿಗಳಾಗಿ ವಿಂಗಡಿಸುತ್ತ ಬಂದರು. ಈಗಿನ 32 ಕೌಂಟಿಗಳಲ್ಲಿ ಕೊನೆಯದಾದ ವಿಕ್ಲೋ ರಚನೆಯಾದದ್ದು 1606ರಲ್ಲಿ.

ಹೆಸರುಗಳಲ್ಲೂ ಆಳುವವರ ಮುದ್ರೆ ಬಿದ್ದಿತ್ತು. 1556ರಲ್ಲಿ ರಾಣಿ ಮೇರಿ ಮತ್ತು ಆಕೆಯ ಪತಿ ಫಿಲಿಪ್‌ರ ಗೌರವಾರ್ಥ ಎರಡು ಪ್ರದೇಶಗಳಿಗೆ ‘ರಾಣಿಯ ಕೌಂಟಿ’, ‘ರಾಜನ ಕೌಂಟಿ’ ಎಂದು ನಾಮಕರಣ ಮಾಡಲಾಯಿತು. ದೇಶ ಸ್ವತಂತ್ರವಾಗುವ ಹೊತ್ತಿಗೆ ಅವು ತಮ್ಮ ಐರಿಷ್ ಹೆಸರುಗಳಿಗೆ ಮರಳಿ ಲೀಶ್ ಮತ್ತು ಆಫಲಿ ಎನಿಸಿಕೊಂಡವು. ಉತ್ತರದ ಒಂದು ಕೌಂಟಿಯ ಹೆಸರು ಮಾತ್ರ ಇಂದಿಗೂ ಇತ್ಯರ್ಥವಾಗಿಲ್ಲ. ಬ್ರಿಟಿಷ್ ದಾಖಲೆಗಳಲ್ಲಿ ಅದು ಲಂಡನ್‌ಡೆರ್ರಿ. ಐರಿಷ್ ರಾಷ್ಟ್ರೀಯವಾದಿಗಳ ಬಾಯಲ್ಲಿ ಬರಿಯ ಡೆರ್ರಿ. ಯಾವ ಹೆಸರು ಬಳಸುತ್ತಾನೆ ಎಂಬುದರಿಂದಲೇ ಮಾತನಾಡುವವನ ನಿಲುವನ್ನು ಊಹಿಸುವುದು ಅಲ್ಲಿ ರೂಢಿ.

ಆಡಳಿತದ ದೃಷ್ಟಿಯಿಂದ ನೋಡಿದರೆ ಹಲವು ಕೌಂಟಿಗಳು ಈಗ ಅಸ್ತಿತ್ವದಲ್ಲೇ ಇಲ್ಲ. ಉತ್ತರ ಐರ್ಲೆಂಡಿನಲ್ಲಿ 1973ರಲ್ಲಿ ಕೌಂಟಿಗಳ ಬದಲಿಗೆ ಜಿಲ್ಲಾ ಮಂಡಳಿಗಳು ಬಂದವು. ಡಬ್ಲಿನ್ ಕೌಂಟಿ ಮಂಡಳಿಯನ್ನು 1994ರಲ್ಲಿ ವಿಸರ್ಜಿಸಿ ಮೂರು ಹೊಸ ಕೌಂಟಿ ಮಂಡಳಿಗಳನ್ನು ರಚಿಸಲಾಯಿತು. ಆದರೂ ಆ ಮೂರರ ನಿವಾಸಿಗಳು ತಮ್ಮನ್ನು ಡಬ್ಲಿನ್‌ನವರೆಂದೇ ಕರೆದುಕೊಳ್ಳುತ್ತಾರೆ. ಸರ್ಕಾರ ಅಳಿಸಿದ ಗೆರೆಯನ್ನು ಜನರು ಉಳಿಸಿಕೊಂಡರು. ಉಳಿಸಿಕೊಂಡ ಬಗೆ ಹೇಗೆಂಬುದೇ ಈ ಕೌಂಟಿಗಳ ನಿಜವಾದ ಚರಿತ್ರೆ.

ಗೆರೆಗೆ ಬಣ್ಣ ತುಂಬಿದ ಆಟ

1884ರ ನವೆಂಬರ್ 1ರಂದು ಟಿಪರೇರಿ ಕೌಂಟಿಯ ಥರ್ಲ್ಸ್ ಪಟ್ಟಣದ ಹೋಟೆಲೊಂದರಲ್ಲಿ ಬೆರಳೆಣಿಕೆಯ ಮಂದಿ ಸಭೆ ಸೇರಿ ಗೇಲಿಕ್ ಅಥ್ಲೆಟಿಕ್ ಅಸೋಸಿಯೇಷನ್ ಸ್ಥಾಪಿಸಿದರು. ಕ್ಲೇರ್ ಕೌಂಟಿಯಲ್ಲಿ ಹುಟ್ಟಿದ ಶಾಲಾ ಶಿಕ್ಷಕ ಮೈಕೆಲ್ ಕ್ಯೂಸಾಕ್ ಅದರ ಪ್ರೇರಕಶಕ್ತಿ. ಇಂಗ್ಲಿಷ್ ಕ್ರೀಡೆಗಳ ಅಬ್ಬರದಲ್ಲಿ ಮರೆಯಾಗುತ್ತಿದ್ದ ದೇಸೀ ಆಟಗಳಾದ ಹರ್ಲಿಂಗ್ ಮತ್ತು ಗೇಲಿಕ್ ಫುಟ್‌ಬಾಲ್‌ಗಳನ್ನು ಉಳಿಸುವುದು ಸಂಸ್ಥೆಯ ಧ್ಯೇಯವಾಗಿತ್ತು. 1887ರಲ್ಲಿ ಅಖಿಲ ಐರ್ಲೆಂಡ್ ಚಾಂಪಿಯನ್‌ಷಿಪ್ ಆರಂಭವಾಯಿತು. ಮುಂದೆ ಪ್ರತಿ ಕೌಂಟಿಗೂ ಒಂದು ತಂಡ, ಒಂದು ಬಣ್ಣ, ಒಂದು ಅಡ್ಡಹೆಸರು ನೆಲೆಗೊಂಡವು. ಕೆರಿಯ ಹಸಿರು ಮತ್ತು ಹೊನ್ನಿನ ಬಣ್ಣ, ಕಾರ್ಕ್‌ನ ಕೆಂಪು, ಡಬ್ಲಿನ್‌ನ ನೀಲಿ, ಕಿಲ್ಕೆನಿಯ ಕಪ್ಪು-ಹಳದಿ ಪಟ್ಟೆ ಬೇಸಿಗೆಯಲ್ಲಿ ಮನೆಮನೆಯ ಕಿಟಕಿಗಳಲ್ಲೂ ಕಾಣುತ್ತವೆ.

ಈ ತಂಡಗಳ ಆಟಗಾರರಿಗೆ ಸಂಬಳವಿಲ್ಲ. ಶಿಕ್ಷಕರು, ರೈತರು, ಬ್ಯಾಂಕ್ ನೌಕರರು, ವಿದ್ಯಾರ್ಥಿಗಳು ಬಿಡುವಿನ ವೇಳೆಯಲ್ಲಿ ಅಭ್ಯಾಸ ಮಾಡಿ, ಫೈನಲ್ ದಿನ ಡಬ್ಲಿನ್‌ನ ಕ್ರೋಕ್ ಪಾರ್ಕ್‌ನಲ್ಲಿ 82,300 ಪ್ರೇಕ್ಷಕರ ಮುಂದೆ ಆಡುತ್ತಾರೆ. ಫುಟ್‌ಬಾಲ್‌ನಲ್ಲಿ ಅತಿ ಹೆಚ್ಚು ಪ್ರಶಸ್ತಿ ಕೆರಿಯದು; 2025ರ ಗೆಲುವಿನೊಂದಿಗೆ ಅದರ ಸಂಖ್ಯೆ 39ಕ್ಕೆ ಏರಿತು. ಹರ್ಲಿಂಗ್‌ನಲ್ಲಿ 36 ಪ್ರಶಸ್ತಿಗಳೊಂದಿಗೆ ಕಿಲ್ಕೆನಿ ಮುಂದಿದೆ. ದೇಶದ ಗಡಿ ಇಲ್ಲಿ ಲೆಕ್ಕಕ್ಕಿಲ್ಲ: ಉತ್ತರದ ಆರು ಕೌಂಟಿಗಳೂ ಇದೇ ಸ್ಪರ್ಧೆಯಲ್ಲಿವೆ. 1960ರಲ್ಲಿ ಡೌನ್ ಕೌಂಟಿ ಫುಟ್‌ಬಾಲ್ ಪ್ರಶಸ್ತಿಯನ್ನು ಮೊದಲ ಬಾರಿಗೆ ಗಡಿಯಾಚೆಗೆ ಒಯ್ದದ್ದು ಅಲ್ಲಿನವರ ಪಾಲಿಗೆ ಚರಿತ್ರೆಯ ದಿನ.

ಆಟದ ಮೈದಾನ ರಕ್ತವನ್ನೂ ಕಂಡಿದೆ. ಸ್ವಾತಂತ್ರ್ಯ ಹೋರಾಟದ ಕಾಲದಲ್ಲಿ, 1920ರ ನವೆಂಬರ್ 21ರಂದು, ಡಬ್ಲಿನ್ ಮತ್ತು ಟಿಪರೇರಿ ತಂಡಗಳ ನಡುವೆ ಪಂದ್ಯ ನಡೆಯುತ್ತಿದ್ದಾಗ ಬ್ರಿಟಿಷ್ ಪಡೆಗಳು ಕ್ರೋಕ್ ಪಾರ್ಕ್‌ಗೆ ನುಗ್ಗಿ ಗುಂಡು ಹಾರಿಸಿದವು. 14 ಮಂದಿ ಪ್ರಾಣ ಕಳೆದುಕೊಂಡರು. ಅವರಲ್ಲಿ ಟಿಪರೇರಿಯ ಆಟಗಾರ ಮೈಕೆಲ್ ಹೋಗನ್ ಕೂಡ ಒಬ್ಬರು. ವಿಜೇತ ನಾಯಕರು ಇಂದು ಪ್ರಶಸ್ತಿ ಎತ್ತಿ ಹಿಡಿಯುವುದು ಹೋಗನ್ ಹೆಸರಿನ ಪ್ರೇಕ್ಷಕರ ಅಂಗಣದಲ್ಲೇ.

ಸೋಲೂ ಕೌಂಟಿಯನ್ನು ಒಗ್ಗೂಡಿಸಬಲ್ಲದು ಎಂಬುದಕ್ಕೆ ಪಶ್ಚಿಮದ ಮೇಯೊ ಸಾಕ್ಷಿ. 1951ರಲ್ಲಿ ಫುಟ್‌ಬಾಲ್ ಪ್ರಶಸ್ತಿ ಗೆದ್ದ ಮೇಯೊ ಅನಂತರ 1989ರಿಂದ 2021ರವರೆಗೆ 11 ಬಾರಿ ಫೈನಲ್ ತಲುಪಿಯೂ ಸೋತಿತು. 1951ರಲ್ಲಿ ಗೆದ್ದು ಮರಳುತ್ತಿದ್ದ ತಂಡ ದಾರಿಯಲ್ಲಿ ಎದುರಾದ ಶವಯಾತ್ರೆಗೆ ಗೌರವ ತೋರದೆ ಮುಂದೆ ಸಾಗಿತು, ಆದ್ದರಿಂದ ಶಾಪ ತಟ್ಟಿತು ಎಂಬುದು ಪ್ರಚಲಿತ ಕಥೆ. ಕಥೆಯನ್ನು ನಂಬದವರೂ ಅದನ್ನು ಹೇಳದೆ ಬಿಡುವುದಿಲ್ಲ.

ತಟ್ಟೆಯಲ್ಲಿ ಕಾಣುವ ಊರು

ಹೊರಗಿನವರ ಕಣ್ಣಿಗೆ ಐರಿಷ್ ಅಡುಗೆಯೆಂದರೆ ಆಲೂಗಡ್ಡೆ ಮತ್ತು ಮಾಂಸ, ಅಷ್ಟೆ. ಕೌಂಟಿಯವರನ್ನು ಕೇಳಿದರೆ ಪಟ್ಟಿ ಬೇರೆಯೇ. ಸಾಸೇಜ್, ಹಂದಿಮಾಂಸ, ಆಲೂಗಡ್ಡೆ, ಈರುಳ್ಳಿಗಳನ್ನು ನೀರಿನಲ್ಲಿ ಮೆಲ್ಲಗೆ ಬೇಯಿಸಿದ ಕಾಡಲ್ ಡಬ್ಲಿನ್‌ನದು. ಉಳಿದ ಕೌಂಟಿಗಳವರು ಅದನ್ನು ಕಂಡು ಮೂಗು ಮುರಿಯುವುದುಂಟು. ಹಸಿ ಆಲೂಗಡ್ಡೆಯ ತುರಿಯನ್ನು ಬೇಯಿಸಿ ಹಿಸುಕಿದ ಆಲೂಗಡ್ಡೆಯೊಂದಿಗೆ ಕಲಸಿ ಕಾವಲಿಯ ಮೇಲೆ ಸುಡುವ ಬಾಕ್ಸ್ಟಿ ಲೀಟ್ರಿಮ್, ಕ್ಯಾವನ್ ಮೊದಲಾದ ಕೌಂಟಿಗಳ ತಿನಿಸು. ಬೇಸಿಗೆಯಲ್ಲಿ ರಸ್ತೆಬದಿಯ ಪುಟ್ಟ ಅಂಗಡಿಗಳಲ್ಲಿ ಮಾರಾಟವಾಗುವ ಸ್ಟ್ರಾಬೆರಿಗೆ ವೆಕ್ಸ್‌ಫೋರ್ಡ್ ಪ್ರಸಿದ್ಧ. ಗಾಲ್ವೇಯಲ್ಲಿ ಆಯ್‌ಸ್ಟರ್ ಚಿಪ್ಪುಜೀವಿಗಳ ಹಬ್ಬ 1954ರಿಂದ ನಡೆದುಬಂದಿದೆ. ಆಂಟ್ರಿಮ್‌ನ ಬಾಲಿಕ್ಯಾಸಲ್‌ನಲ್ಲಿ ಆಗಸ್ಟ್ ಕೊನೆಗೆ ನಡೆಯುವ ಲಾಮಸ್ ಜಾತ್ರೆಗೆ ಹೋದವರು ಒಣಗಿಸಿದ ಕಡಲಪಾಚಿ ‘ಡಲ್ಸ್’ ಮತ್ತು ‘ಯೆಲ್ಲೊಮ್ಯಾನ್’ ಎಂಬ ಹಳದಿ ಮಿಠಾಯಿ ಕೊಳ್ಳದೆ ಮರಳುವುದಿಲ್ಲ.

ದಕ್ಷಿಣದ ಕಾರ್ಕ್ ತನ್ನನ್ನು ‘ನಿಜವಾದ ರಾಜಧಾನಿ’ ಎಂದು ಕರೆದುಕೊಳ್ಳುತ್ತದೆ. ಅದಕ್ಕೆ ಆಹಾರದ ಚರಿತ್ರೆಯೂ ಒಂದು ಕಾರಣ. 18ನೇ ಶತಮಾನದಲ್ಲಿ ಕಾರ್ಕ್‌ನಿಂದ ಉಪ್ಪು ಹಚ್ಚಿದ ಬೆಣ್ಣೆ ಮರದ ಪೀಪಾಯಿಗಳಲ್ಲಿ ಅಟ್ಲಾಂಟಿಕ್ ದಾಟಿ ವೆಸ್ಟ್ ಇಂಡೀಸ್‌ವರೆಗೂ ಹೋಗುತ್ತಿತ್ತು. 1788ರಲ್ಲಿ ಆರಂಭವಾದ ಇಂಗ್ಲಿಷ್ ಮಾರ್ಕೆಟ್ ನಗರದ ನಡುವೆ ಇಂದಿಗೂ ವ್ಯಾಪಾರ ನಡೆಸುತ್ತಿದ್ದು, ರಕ್ತದಿಂದ ಮಾಡುವ ‘ಡ್ರಿಶೀನ್’, ಮಸಾಲೆ ಹಚ್ಚಿದ ದನದ ಮಾಂಸದಂಥ ಸ್ಥಳೀಯ ಪದಾರ್ಥಗಳು ಅಲ್ಲಿ ದೊರೆಯುತ್ತವೆ. ಡಬ್ಲಿನ್‌ನವರು 1759ರಲ್ಲಿ ಆರಂಭವಾದ ಗಿನ್ನೆಸ್ ಕಪ್ಪು ಬಿಯರನ್ನು ಹೊಗಳಿದರೆ, ಕಾರ್ಕ್‌ನವರು ತಮ್ಮೂರಿನ ಮರ್ಫಿಸ್ ಮತ್ತು ಬೀಮಿಷ್ ಹೆಸರು ಹೇಳುತ್ತಾರೆ.

ಊರಿನ ತಿನಿಸಿಗೆ ಕಾನೂನಿನ ರಕ್ಷಣೆಯೂ ಉಂಟು. ವಾಟರ್‌ಫೋರ್ಡ್‌ನವರು ಬೆಳಗಿನ ಉಪಾಹಾರಕ್ಕೆ ತಿನ್ನುವ ‘ಬ್ಲಾ’ ಎಂಬ ಹಿಟ್ಟು ಉದುರಿಸಿದ ಮೆತ್ತನೆಯ ಬನ್ನಿಗೆ 2013ರಲ್ಲಿ ಐರೋಪ್ಯ ಒಕ್ಕೂಟ ಭೌಗೋಳಿಕ ಸೂಚಕದ ಮಾನ್ಯತೆ ನೀಡಿತು. 17ನೇ ಶತಮಾನದ ಕೊನೆಗೆ ಫ್ರಾನ್ಸಿನಿಂದ ಆಶ್ರಯ ಬೇಡಿ ಬಂದ ಹ್ಯೂಗನೋ ಪಂಥದವರು ಅದನ್ನು ತಂದರೆಂಬ ಪ್ರತೀತಿ ಇದೆ. ಊರಿನ ಗುರುತೆನಿಸಿದ ತಿನಿಸು ಹೊರಗಿನಿಂದ ಬಂದವರದ್ದೆಂದು ಹೇಳಿಕೊಳ್ಳಲು ವಾಟರ್‌ಫೋರ್ಡ್‌ಗೆ ಸಂಕೋಚವಿಲ್ಲ. ಆರ್ಮಾ ಕೌಂಟಿಯ ಬ್ರ್ಯಾಮ್ಲಿ ಸೇಬು, ಡೌನ್ ಕೌಂಟಿಯ ಕಾಂಬರ್ ಆಲೂಗಡ್ಡೆ, ಕೆರಿಯ ಸ್ನೀಮ್ ಗ್ರಾಮದ ಬ್ಲ್ಯಾಕ್ ಪುಡಿಂಗ್ ಕೂಡ ಇಂಥ ಮಾನ್ಯತೆ ಪಡೆದಿವೆ.

ಇದೇ ವಾಟರ್‌ಫೋರ್ಡ್‌ನಲ್ಲಿ ಗಡಿಯ ಕಿಚ್ಚು ಎಷ್ಟೆಂಬುದೂ ತಿಳಿಯುತ್ತದೆ. ನದಿಯಾಚೆಗಿನ ಬಡಾವಣೆಗಳು ನಗರಕ್ಕೆ ಅಂಟಿಕೊಂಡಿದ್ದರೂ ಕಿಲ್ಕೆನಿ ಕೌಂಟಿಗೆ ಸೇರಿವೆ. ಅವುಗಳನ್ನು ವಾಟರ್‌ಫೋರ್ಡ್‌ಗೆ ಸೇರಿಸಬೇಕೆಂದು ಸರ್ಕಾರಿ ಸಮಿತಿಯೊಂದು 2017ರಲ್ಲಿ ಶಿಫಾರಸು ಮಾಡಿದಾಗ ಕಿಲ್ಕೆನಿ ತೀವ್ರವಾಗಿ ವಿರೋಧಿಸಿತು. ಶಿಫಾರಸು ಜಾರಿಗೆ ಬರಲಿಲ್ಲ. ವಾಟರ್‌ಫೋರ್ಡ್‌ನಲ್ಲಿ ಕೆಲಸ, ವಾಟರ್‌ಫೋರ್ಡ್‌ನಲ್ಲೇ ಸಂತೆ, ಆದರೆ ಮಕ್ಕಳು ತೊಡಬೇಕಾದದ್ದು ಕಪ್ಪು-ಹಳದಿ ಪಟ್ಟೆಯ ಅಂಗಿ ಎಂಬುದು ಅಲ್ಲಿನವರ ಭಾವನೆ.

ನೆಲದ ಗುರುತುಗಳು

ಪ್ರತಿ ಕೌಂಟಿಯೂ ತೋರಿಸಿಕೊಳ್ಳಲು ಒಂದು ಸ್ಥಳವನ್ನಾದರೂ ಹೊಂದಿದೆ. ಕ್ಲೇರ್‌ನಲ್ಲಿ ಅಟ್ಲಾಂಟಿಕ್‌ನಿಂದ 214 ಮೀಟರ್ ಎತ್ತರಕ್ಕೆ ಎದ್ದು ನಿಂತ ಮೊಹರ್ ಕಡಿದಾದ ಬಂಡೆಗಳಿವೆ. ಕೆರಿಯ ಕರಾವಳಿಯಾಚೆ, ಕಡಲ ನಡುವಿನ ಸ್ಕೆಲಿಗ್ ಮೈಕೆಲ್ ಬಂಡೆಯ ಮೇಲೆ ಆದಿಕಾಲದ ಕ್ರೈಸ್ತ ಸನ್ಯಾಸಿಗಳು ಕಟ್ಟಿಕೊಂಡ ಕಲ್ಲಿನ ಗೂಡುಗಳಿವೆ. 1996ರಲ್ಲಿ ಅದು ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಟಿಪರೇರಿಗೆ ಕ್ಯಾಶಲ್ ಬಂಡೆಯ ಮೇಲಿನ ಅರಸರ ಕೋಟೆ, ಮೇಯೊಗೆ 764 ಮೀಟರ್ ಎತ್ತರದ ಕ್ರೋ ಪ್ಯಾಟ್ರಿಕ್ ಬೆಟ್ಟ. ಜುಲೈ ತಿಂಗಳ ಕೊನೆಯ ಭಾನುವಾರ ಸಹಸ್ರಾರು ಯಾತ್ರಿಕರು, ಕೆಲವರು ಬರಿಗಾಲಲ್ಲಿ, ಆ ಬೆಟ್ಟ ಏರುತ್ತಾರೆ.

ಆಂಟ್ರಿಮ್‌ನ ಜಯಂಟ್ಸ್ ಕಾಸ್‌ವೇಯಲ್ಲಿ ಲಾವಾರಸ ತಣಿದು ಬಿರಿದು ರೂಪುಗೊಂಡ ಸುಮಾರು 40,000 ಶಿಲಾಸ್ತಂಭಗಳಿವೆ. ಮಲ್ಪೆ ಬಳಿಯ ಸೇಂಟ್ ಮೇರಿಸ್ ದ್ವೀಪ ಕಂಡವರಿಗೆ ಈ ದೃಶ್ಯ ಅಪರಿಚಿತವೆನಿಸದು, ಅಲ್ಲಿಯೂ ಲಾವಾರಸ ತಣಿದೇ ಕಂಬಗಳಾಗಿವೆ. ಫಿನ್ ಮ್ಯಾಕೂಲ್ ಎಂಬ ದೈತ್ಯ ಸ್ಕಾಟ್ಲೆಂಡಿನ ಎದುರಾಳಿಯನ್ನು ತಲುಪಲು ಹಾಕಿದ ದಾರಿಯಿದು ಎಂಬುದು ಆಂಟ್ರಿಮ್‌ನವರು ಹೇಳುವ ಕಥೆ.

ಮೀತ್ ಕೌಂಟಿಯ ನ್ಯೂಗ್ರೇಂಜ್ ಸಮಾಧಿಯನ್ನು ಕ್ರಿ.ಪೂ. 3200ರ ಸುಮಾರಿಗೆ, ಅಂದರೆ ಈಜಿಪ್ಟಿನ ಪಿರಮಿಡ್ಡುಗಳಿಗಿಂತ ಮೊದಲೇ, ನಿರ್ಮಿಸಲಾಯಿತು. ಚಳಿಗಾಲದ ಅತಿ ಚಿಕ್ಕ ಹಗಲಿನ ಆಸುಪಾಸಿನಲ್ಲಿ ಸೂರ್ಯೋದಯದ ಕಿರಣ ಅದರ ಒಳಗೂಡನ್ನು ಬೆಳಗುತ್ತದೆ. ಮೀತ್‌ನವರಿಗೆ ಒಂದು ಕೊರಗೂ ಇದೆ. ತಮ್ಮ ಕೆಲ್ಸ್ ಊರಿನ ಹೆಸರು ಹೊತ್ತ, ಸುಮಾರು 1,200 ವರ್ಷ ಹಳೆಯ ಚಿತ್ರಿತ ಬೈಬಲ್ ಹಸ್ತಪ್ರತಿ 17ನೇ ಶತಮಾನದಿಂದ ಡಬ್ಲಿನ್‌ನ ಟ್ರಿನಿಟಿ ಕಾಲೇಜಿನಲ್ಲಿದೆ. ಅದನ್ನು ಊರಿಗೆ ಮರಳಿಸಬೇಕೆಂಬ ಮಾತು ಕೆಲ್ಸ್‌ನಲ್ಲಿ ಆಗಾಗ ಕೇಳಿಬರುತ್ತದೆ.

ಯಾರ ಊರಿನ ಮಗ?

ಪ್ರಸಿದ್ಧರನ್ನು ತಮ್ಮವರೆನ್ನುವ ಪೈಪೋಟಿಯಲ್ಲಿ ಕೌಂಟಿಗಳು ಹಿಂದೆ ಬಿದ್ದಿಲ್ಲ. ಕವಿ ಡಬ್ಲ್ಯು.ಬಿ. ಯೇಟ್ಸ್ ಹುಟ್ಟಿದ್ದು ಡಬ್ಲಿನ್‌ನಲ್ಲಿ. ಆದರೆ ಬಾಲ್ಯದ ಬೇಸಿಗೆಗಳನ್ನು ಕಳೆದ, ಕಾವ್ಯದಲ್ಲಿ ಮತ್ತೆ ಮತ್ತೆ ಕಂಡ ಸ್ಲೈಗೊ ಕೌಂಟಿಯೇ ‘ಯೇಟ್ಸ್ ನಾಡು’ ಎನಿಸಿದೆ. ಸಮಾಧಿ ಇರುವುದೂ ಅಲ್ಲಿನ ಡ್ರಮ್‌ಕ್ಲಿಫ್‌ನಲ್ಲಿ. ಗಿಟಾರ್ ವಾದಕ ರೋರಿ ಗ್ಯಾಲಗರ್ ಹುಟ್ಟಿದ ಡೊನೆಗಾಲ್‌ನ ಬಾಲಿಶಾನನ್ ಅವರ ಪ್ರತಿಮೆ ನಿಲ್ಲಿಸಿದರೆ, ಬೆಳೆದ ಕಾರ್ಕ್ ಒಂದು ಚೌಕಕ್ಕೆ ಅವರ ಹೆಸರಿಟ್ಟಿದೆ. ಕಾರ್ಕ್‌ನ ಜ್ಯಾಕ್ ಲಿಂಚ್ 1941ರಿಂದ 1946ರವರೆಗೆ ಸತತ ಆರು ವರ್ಷ ಅಖಿಲ ಐರ್ಲೆಂಡ್ ಪದಕ ಗೆದ್ದರು: ಐದು ಹರ್ಲಿಂಗ್‌ನಲ್ಲಿ, ಒಂದು ಫುಟ್‌ಬಾಲ್‌ನಲ್ಲಿ. 1966ರಲ್ಲಿ ಅವರು ದೇಶದ ಪ್ರಧಾನಿಯಾದರು. ಕಾರ್ಕ್‌ನ ಹಿರಿಯರ ಮಾತಿನಲ್ಲಿ ಪದಕಗಳ ಪ್ರಸ್ತಾಪ ಮೊದಲು, ಪ್ರಧಾನಿ ಪದವಿಯದು ನಂತರ.

ಹೆಮ್ಮೆ ಸದಾ ಸಲೀಸಲ್ಲ. ಫ್ರ್ಯಾಂಕ್ ಮೆಕೋರ್ಟ್ 1996ರಲ್ಲಿ ಪ್ರಕಟಿಸಿದ ‘ಆ್ಯಂಜೆಲಾಸ್ ಆ್ಯಶಸ್’ ಆತ್ಮಕಥನ ಲಿಮರಿಕ್‌ನ ಕಡುಬಡತನವನ್ನು ತೆರೆದಿಟ್ಟು ಪುಲಿಟ್ಜರ್ ಪ್ರಶಸ್ತಿ ಪಡೆಯಿತು. ಊರಿನ ಮಾನ ಕಳೆದರೆಂದು ಸಿಡಿಮಿಡಿಗೊಂಡವರೂ, ಸತ್ಯ ಹೇಳಿದರೆಂದು ಮೆಚ್ಚಿದವರೂ ಲಿಮರಿಕ್‌ನಲ್ಲೇ ಇದ್ದರು. ಮೊನಹನ್ ಕೌಂಟಿಯ ರೈತ ಕುಟುಂಬದ ಕವಿ ಪ್ಯಾಟ್ರಿಕ್ ಕ್ಯಾವನಾ ಈ ವಿಚಾರವಾಗಿ ಒಂದು ವಿವೇಚನೆ ನೀಡಿದ್ದಾರೆ. ಪ್ರಾಂತೀಯ ಮನಸ್ಸು ಯಾವಾಗಲೂ ರಾಜಧಾನಿಯ ಮೆಚ್ಚುಗೆಗೆ ಕಾಯುತ್ತದೆ. ತನ್ನ ಊರಿನ ಮೌಲ್ಯದ ಬಗ್ಗೆ ಸಂಶಯವೇ ಇಲ್ಲದ ಮನಸ್ಸು ಮಾತ್ರ ದೊಡ್ಡದನ್ನು ಸೃಷ್ಟಿಸಬಲ್ಲದು ಎಂಬುದು ಅವರ ಅಭಿಪ್ರಾಯದ ಸಾರ. ಡೆರ್ರಿ ಕೌಂಟಿಯ ಕೃಷಿಕ ಮನೆತನದಲ್ಲಿ ಹುಟ್ಟಿ 1995ರಲ್ಲಿ ನೊಬೆಲ್ ಪಡೆದ ಸೀಮಸ್ ಹೀನಿ ಕ್ಯಾವನಾ ಅವರಿಂದ ಪ್ರೇರಣೆ ಪಡೆದವರು. ಹೀನಿ 2013ರಲ್ಲಿ ಮಣ್ಣಾದದ್ದು ತಮ್ಮ ಬೆಲ್ಲಾಹಿ ಗ್ರಾಮದಲ್ಲೇ.

ಮೇಯೊ ಜಗತ್ತಿಗೆ ಒಂದು ಪದವನ್ನೇ ಕೊಟ್ಟಿದೆ. 1880ರಲ್ಲಿ ಅಲ್ಲಿನ ಗೇಣಿದಾರರು ಜಮೀನ್ದಾರನ ಏಜೆಂಟನಾಗಿದ್ದ ಕ್ಯಾಪ್ಟನ್ ಬಾಯ್ಕಾಟ್‌ನ ಜಮೀನಿನಲ್ಲಿ ದುಡಿಯಲು, ಅವನೊಂದಿಗೆ ವ್ಯವಹರಿಸಲು ಒಟ್ಟಾಗಿ ನಿರಾಕರಿಸಿದರು. ಆ ಅಸಹಕಾರಕ್ಕೆ ಅವನ ಹೆಸರೇ ಅಂಟಿಕೊಂಡು ಕನ್ನಡದ ಪತ್ರಿಕೆಗಳವರೆಗೂ ಬಂದಿದೆ.

ಭಾರತದ ನಂಟು

ಈ ಕೌಂಟಿಗಳ ಹೆಸರು ಭಾರತದ ಚರಿತ್ರೆಯಲ್ಲೂ ಸುಳಿಯುತ್ತದೆ. ಸೋದರಿ ನಿವೇದಿತಾ ಹುಟ್ಟಿದ್ದು ಟಿರೋನ್ ಕೌಂಟಿಯಲ್ಲಿ. 1919ರಲ್ಲಿ ಮದನಪಲ್ಲಿಯಲ್ಲಿ ‘ಜನ ಗಣ ಮನ’ದ ರಾಗವನ್ನು ಸ್ವರಲಿಪಿಗೆ ಇಳಿಸಿದ ಮಾರ್ಗರೆಟ್ ಕಸಿನ್ಸ್ ರಾಸ್‌ಕಾಮನ್‌ನವರು. ಕ್ರಿಕೆಟಿಗ ರಣಜಿತ್‌ಸಿಂಹಜಿ 1924ರಲ್ಲಿ ಗಾಲ್ವೇಯ ಬಾಲಿನಹಿಂಚ್ ಕ್ಯಾಸಲ್ ಖರೀದಿಸಿ ಬೇಸಿಗೆಗಳನ್ನು ಅಲ್ಲಿ ಕಳೆದರು.

ಕರ್ನಾಟಕದ ಮಟ್ಟಿಗೆ ನಂಟು ಅಷ್ಟು ಮಧುರವಲ್ಲ. 1799ರಲ್ಲಿ ಟಿಪ್ಪು ಸುಲ್ತಾನ್ ಮಡಿದ ಶ್ರೀರಂಗಪಟ್ಟಣದ ಯುದ್ಧದಲ್ಲಿ ಪಾಲ್ಗೊಂಡು, ಅನಂತರ ಆ ಪಟ್ಟಣದ ಆಡಳಿತ ವಹಿಸಿಕೊಂಡ ಆರ್ಥರ್ ವೆಲ್ಲೆಸ್ಲಿ ಡಬ್ಲಿನ್‌ನಲ್ಲಿ ಹುಟ್ಟಿದವನು. ಮುಂದೆ ವೆಲ್ಲಿಂಗ್ಟನ್ ಡ್ಯೂಕ್ ಆದವನು. ಡಬ್ಲಿನ್‌ನ ಫೀನಿಕ್ಸ್ ಪಾರ್ಕ್‌ನಲ್ಲಿ ಅವನ ಹೆಸರಿನ 62 ಮೀಟರ್ ಎತ್ತರದ ಸ್ತಂಭವಿದ್ದು, ಅದರ ಬುಡದ ಕಂಚಿನ ಫಲಕಗಳಲ್ಲೊಂದು ಭಾರತದ ಯುದ್ಧಗಳನ್ನು ಚಿತ್ರಿಸುತ್ತದೆ. ಸ್ಮಾರಕ ನಗರದ ಹೆಗ್ಗುರುತಾಗಿ ಉಳಿದಿದೆ. ಸಾಮ್ರಾಜ್ಯದ ಆ ಸೇನಾನಿಯನ್ನು ತಮ್ಮೂರಿನ ಮಗನೆಂದು ಎದೆತಟ್ಟಿ ಹೇಳುವ ಡಬ್ಲಿನ್‌ನವರು ವಿರಳ.

ಗಾಲ್ವೇ ಹೆಸರನ್ನು ಕನ್ನಡನಾಡು ನೋವಿನೊಂದಿಗೆ ಕೇಳಿದ್ದು 2012ರಲ್ಲಿ. ಬೆಳಗಾವಿ ಮೂಲದ ದಂತವೈದ್ಯೆ ಸವಿತಾ ಹಾಲಪ್ಪನವರ ಗರ್ಭಪಾತಕ್ಕೆ ಅನುಮತಿ ದೊರೆಯದೆ, ರಕ್ತದ ಸೋಂಕಿನಿಂದ ಆ ವರ್ಷದ ಅಕ್ಟೋಬರ್ 28ರಂದು ಅಲ್ಲಿ ಕೊನೆಯುಸಿರೆಳೆದರು. ಐರ್ಲೆಂಡಿನಾದ್ಯಂತ ಜನ ಮೇಣದಬತ್ತಿ ಹಿಡಿದು ಬೀದಿಗಿಳಿದರು. 2018ರ ಮೇ 25ರ ಜನಮತಗಣನೆಯಲ್ಲಿ ಶೇ. 66.4 ಮತದಾರರು ಗರ್ಭಪಾತ ನಿಷೇಧದ ಸಂವಿಧಾನ ವಿಧಿಯನ್ನು ತೆಗೆದುಹಾಕಲು ಒಪ್ಪಿದರು. ಗಾಲ್ವೇಯಲ್ಲಿ ಹುಟ್ಟದ ಮಹಿಳೆಯೊಬ್ಬರ ಹೆಸರು ಆ ಕೌಂಟಿಯ, ಆ ದೇಶದ ಚರಿತ್ರೆಯ ಭಾಗವಾಯಿತು.

ಹೋದವರು, ಬಂದವರು

ಕೌಂಟಿಯ ಅಭಿಮಾನದ ಅಡಿಯಲ್ಲಿ ದೊಡ್ಡದೊಂದು ನಷ್ಟವಿದೆ. 1845ರಿಂದ ಆಲೂಗಡ್ಡೆ ಬೆಳೆಗೆ ರೋಗ ತಗುಲಿ ಉಂಟಾದ ಮಹಾಕ್ಷಾಮದಲ್ಲಿ ಸುಮಾರು 10 ಲಕ್ಷ ಜನ ಸತ್ತರು. ಅಷ್ಟೇ ಜನ ದೇಶ ಬಿಟ್ಟರು. 1841ರಲ್ಲಿ 80 ಲಕ್ಷ ಮೀರಿದ್ದ ದ್ವೀಪದ ಜನಸಂಖ್ಯೆ ಇಂದಿಗೂ ಆ ಮಟ್ಟ ತಲುಪಿಲ್ಲ. ಆಗ 1,55,000ಕ್ಕೂ ಹೆಚ್ಚು ಜನರಿದ್ದ ಲೀಟ್ರಿಮ್‌ನಲ್ಲಿ 2022ರ ಜನಗಣತಿಯ ಪ್ರಕಾರ ಉಳಿದವರು 35,199. ಗಣರಾಜ್ಯದ ಕೌಂಟಿಗಳಲ್ಲಿ ಅತಿ ಕಡಿಮೆ ಜನಸಂಖ್ಯೆ ಇದರದೇ.

ಹಡಗು ಹತ್ತಿದವರು ಕೌಂಟಿಯನ್ನೂ ಜೊತೆಗೆ ಒಯ್ದರು. ನ್ಯೂಯಾರ್ಕ್‌ನಲ್ಲಿ ಕೌಂಟಿಗೊಂದು ಸಂಘ ಹುಟ್ಟಿಕೊಂಡಿತು. ಅಮೆರಿಕದ ಅಧ್ಯಕ್ಷ ಜಾನ್ ಕೆನಡಿ 1963ರಲ್ಲಿ ಮುತ್ತಜ್ಜನ ವೆಕ್ಸ್‌ಫೋರ್ಡ್‌ಗೆ, ಬರಾಕ್ ಒಬಾಮಾ 2011ರಲ್ಲಿ ತಾಯಿಯ ಕಡೆಯ ಪೂರ್ವಜರ ಆಫಲಿಗೆ, ಜೋ ಬೈಡನ್ 2023ರಲ್ಲಿ ಮೇಯೊ ಮತ್ತು ಲೌತ್‌ಗೆ ಭೇಟಿ ನೀಡಿದಾಗ ಆಯಾ ಕೌಂಟಿಗಳು ಅವರನ್ನು ಊರಿಗೆ ಮರಳಿದ ಮಕ್ಕಳಂತೆ ಬರಮಾಡಿಕೊಂಡವು. ನ್ಯೂಯಾರ್ಕ್ ಮತ್ತು ಲಂಡನ್ ತಂಡಗಳು ಇಂದಿಗೂ ಕಾನಾಕ್ಟ್ ಪ್ರಾಂತದ ಫುಟ್‌ಬಾಲ್ ಸ್ಪರ್ಧೆಯಲ್ಲಿ ಆಡುತ್ತವೆ. 2023ರ ಏಪ್ರಿಲ್‌ನಲ್ಲಿ ನ್ಯೂಯಾರ್ಕ್ ತಂಡ ಈ ಸ್ಪರ್ಧೆಯಲ್ಲಿ ತನ್ನ ಮೊಟ್ಟಮೊದಲ ಗೆಲುವು ಸಾಧಿಸಿತು. ಸೋತದ್ದು ಲೀಟ್ರಿಮ್: ಊರಿನಲ್ಲಿ ಉಳಿದವರ ಮಕ್ಕಳನ್ನು ಊರು ಬಿಟ್ಟವರ ತಂಡ ಮಣಿಸಿತು.

ಈಗ ಹರಿವು ಎರಡೂ ಕಡೆಗಿದೆ. ಭಾರತ, ಪೋಲೆಂಡ್, ಬ್ರೆಜಿಲ್, ನೈಜೀರಿಯಾಗಳಿಂದ ಬಂದ ಕುಟುಂಬಗಳು ಐರ್ಲೆಂಡಿನಲ್ಲಿ ನೆಲೆಸಿವೆ. ಎಲ್ಲರಿಗೂ ಸ್ವಾಗತ ಸಮಾನವಾಗಿಲ್ಲ. ವಲಸೆ ವಿರೋಧಿ ಗಲಭೆಯನ್ನೂ 2023ರಲ್ಲಿ ಡಬ್ಲಿನ್ ಕಂಡಿದೆ. ಆದರೆ ಕೌಂಟಿಯ ಅಂಗಿ ತೊಡುವವರ ಪಟ್ಟಿ ಬೇರೆ ಕಥೆ ಹೇಳುತ್ತದೆ. ಫಿಜಿಯ ರೊಟುಮಾ ದ್ವೀಪದಲ್ಲಿ ಫಿಜಿಯ ತಾಯಿಗೆ ಹುಟ್ಟಿ, ಸಿಡ್ನಿಯಲ್ಲಿ ಬಾಲ್ಯ ಕಳೆದು ಕಾರ್ಕ್‌ಗೆ ಬಂದ ಶಾನ್ ಓಗ್ ಓ ಹಾಲ್‌ಪೀನ್ 2005ರಲ್ಲಿ ಕಾರ್ಕ್ ಹರ್ಲಿಂಗ್ ತಂಡದ ನಾಯಕನಾಗಿ ಪ್ರಶಸ್ತಿ ಎತ್ತಿ ಹಿಡಿದರು. ವಿಜಯದ ಭಾಷಣವನ್ನು ಅವರು ಮಾಡಿದ್ದು ಐರಿಷ್ ಭಾಷೆಯಲ್ಲಿ. ಮಲೇಷ್ಯಾ ಮೂಲದ ತಂದೆಯ ಮಗ ಲೀ ಚಿನ್ ವೆಕ್ಸ್‌ಫೋರ್ಡ್ ತಂಡದ ನಾಯಕತ್ವ ವಹಿಸಿದ್ದಾರೆ.

ತೆರಿಗೆಗಾಗಿ ಪರರಸರು ಎಳೆದ ಗೆರೆಯೊಳಗೆ ನಾಲ್ಕು ಶತಮಾನಗಳಲ್ಲಿ ಒಂದು ಬನ್ನು, ಒಂದು ಬೆಟ್ಟ, ಒಬ್ಬ ಕವಿ, ಒಂದು ಬಣ್ಣದ ಅಂಗಿ ಸೇರಿ ಊರೆಂಬ ಭಾವನೆ ರೂಪುಗೊಂಡಿತು. ಹ್ಯೂಗನೋಗಳ ಬನ್ನನ್ನು ವಾಟರ್‌ಫೋರ್ಡ್ ತನ್ನದೆಂದು ಒಪ್ಪಿಕೊಂಡಿದೆ. ರೊಟುಮಾದಲ್ಲಿ ಹುಟ್ಟಿದ ನಾಯಕನನ್ನು ಕಾರ್ಕ್ ತನ್ನ ಮಗನೆಂದಿದೆ. ‘ನಿಮ್ಮದು ಯಾವ ಕೌಂಟಿ?’ ಎಂಬ ಪ್ರಶ್ನೆಗೆ ಐರ್ಲೆಂಡಿನ ಶಾಲೆಗಳಲ್ಲಿ ಓದುತ್ತಿರುವ ಭಾರತೀಯ ಮೂಲದ ಮಕ್ಕಳೂ ಉತ್ತರಿಸುವ ಕಾಲ ಇದು.